ಹೆಣ್ಣು ಬಡ್ಜಿ ಕಚ್ಚುತ್ತಿದೆಯಾ? ಮೊದಲು ಮಡಕೆ ತೆಗೆಯಿರಿ

ಅಂಗಡಿಯವರು ಲವ್ ಬರ್ಡ್ಸ್ ಅಂತ ಮಾರುವ ಪುಟ್ಟ ಗಿಳಿಗಳು, ಅಂದರೆ ಬಡ್ಜಿಗಳ ವಿಷಯ. ಇದ್ದಕ್ಕಿದ್ದಂತೆ ಕಚ್ಚುವುದು, ಪಂಜರದ ಮೂಲೆಯಲ್ಲಿ ಪೇಪರ್ ಹರಿಯುವುದು ಶುರುವಾದರೆ ಹಕ್ಕಿಗೆ ಪೊಗರು ಅಂತ ಬೈಯಬೇಡಿ. ಮರಿ ಮಾಡುವ ಹಾರ್ಮೋನು ಏರಿರುತ್ತದೆ. ಹೆಣ್ಣಿನ ಕೊಕ್ಕಿನ ಮೇಲಿನ ಮೂಗು ಕಂದು ಬಣ್ಣಕ್ಕೆ ತಿರುಗಿ, ಒರಟಾಗಿ ಸಿಪ್ಪೆ ಏಳುವುದನ್ನು ನೋಡಿದರೆ ಗೊತ್ತಾಗುತ್ತದೆ.

ಗೂಡಿಗೆಂದು ಪಂಜರದಲ್ಲಿಟ್ಟ ಮಡಕೆ ತೆಗೆಯಿರಿ, ಕನ್ನಡಿಯೂ ಬೇಡ. ಆಮೇಲೆ ಬೆಳಕು. ನಮ್ಮ ಮನೆಗಳಲ್ಲಿ ರಾತ್ರಿ 11ರವರೆಗೂ ಟಿವಿ, ಟ್ಯೂಬ್‌ಲೈಟ್ ಉರಿಯುತ್ತಲೇ ಇರುತ್ತವೆ, ಅಲ್ವಾ? ಹಕ್ಕಿಗೆ ಅದೆಲ್ಲ ಹಗಲೇ. ಸಂಜೆ 7ಕ್ಕೆ ಕತ್ತಲ ಕೋಣೆಗೆ ಸೇರಿಸಿ, 12 ಗಂಟೆ ನಿದ್ದೆ ಸಿಗಲಿ.

ಆಸ್ಟ್ರೇಲಿಯಾದ ಒಣನಾಡಿನಲ್ಲಿ ಮಳೆ ಬಂದು ಹುಲ್ಲಿನ ಬೀಜ ಜಾಸ್ತಿಯಾದಾಗ ಇವು ಮರಿ ಮಾಡುತ್ತವೆ. ಹೊಟ್ಟೆ ತುಂಬಾ ಮೆತ್ತನೆ ತಿಂಡಿ ಸಿಕ್ಕರೆ ಇಲ್ಲೂ ಅದೇ ಕಥೆ. ಬೇಯಿಸಿದ ಮೊಟ್ಟೆ, ನೆನೆಸಿದ ಕಾಳು ಕೆಲವು ವಾರ ನಿಲ್ಲಿಸಿ. ನವಣೆ, ಸೊಪ್ಪು ಕೊಡಿ. ಮುದ್ದು ಮಾಡುವುದಾದರೆ ತಲೆ ಮಾತ್ರ ಸವರಿ, ಬೆನ್ನು ಬೇಡ.

ಆಗಲೇ ಮೊಟ್ಟೆ ಇಟ್ಟಿದ್ದರೆ ಸುಮ್ನೆ ಎತ್ತಿ ಬಿಸಾಡಬೇಡಿ, ಇನ್ನೊಂದು ಇಡುತ್ತದೆ. ರೆಕ್ಕೆಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಹಕ್ಕಿ ನೋಡುವ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.