ಮಣ್ಣಾಗದ ಅಂಗಿಗಳನ್ನು ಎಣಿಸಿ: ಭಾನುವಾರದ ಫುಟ್‌ಬಾಲ್ ತಂಡ ನಡೆಸುವವರಿಗೆ

ಹದಿಮೂರು ವರ್ಷಗಳಿಂದ ಬೆಂಗಳೂರಿನಲ್ಲಿ ಒಂದು ಭಾನುವಾರದ ಫುಟ್‌ಬಾಲ್ ತಂಡವನ್ನು ನಡೆಸುತ್ತಿದ್ದೇನೆ. ವಾರವಿಡೀ ಮುದ್ರಣಾಲಯದಲ್ಲಿ ಕೆಲಸ, ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನ. ತಂಡದಲ್ಲಿ ಆಟೊ ಓಡಿಸುವವರಿದ್ದಾರೆ, ಕಾಲೇಜು ಹುಡುಗರಿದ್ದಾರೆ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವವರೂ ಇದ್ದಾರೆ. ಹೊಸದಾಗಿ ತಂಡ ಕಟ್ಟಲು ಹೊರಟವರು ನನ್ನ ಬಳಿ ಬಂದು ಆಟದ ತಂತ್ರ ಕೇಳುತ್ತಾರೆ. ನೀವು ಎಷ್ಟು ಜನ ಇದ್ದೀರಿ ಎಂದು ನಾನು ಮೊದಲು ಕೇಳುತ್ತೇನೆ.

ಹನ್ನೊಂದು ಜನ ಸಿಕ್ಕರೆ ಸಾಕೆಂದು ಹೊರಡಬೇಡಿ. ಇಪ್ಪತ್ತು ಹೆಸರು ಬರೆದುಕೊಂಡರೆ ಭಾನುವಾರ ಹದಿಮೂರು, ಹದಿನಾಲ್ಕು ಜನ ಬಂದು ನಿಲ್ಲುತ್ತಾರೆ. ಉಳಿದವರಿಗೆ ಮದುವೆ, ಗೃಹಪ್ರವೇಶ, ಪರೀಕ್ಷೆ, ಓವರ್‌ಟೈಮ್. ಆಷಾಢದಲ್ಲಿ ಮದುವೆಗಳಿಲ್ಲದೆ ಎಲ್ಲರೂ ಸಿಗುತ್ತಾರೆ, ಆದರೆ ಆಗ ಮಳೆ ಮೈದಾನವನ್ನು ಕೆಸರು ಮಾಡಿರುತ್ತದೆ. ಗೋಲ್‌ಕೀಪರ್ ಇಬ್ಬರಿರಲಿ. ಒಬ್ಬನನ್ನೇ ನೆಚ್ಚಿಕೊಂಡರೆ ಅವನು ಊರಿಗೆ ಹೋದ ದಿನ ಗೋಲಿನಲ್ಲಿ ನಿಲ್ಲಲು ಯಾರೂ ಒಪ್ಪುವುದಿಲ್ಲ.

ಶನಿವಾರ ರಾತ್ರಿ ಎಂಟು ಗಂಟೆಯೊಳಗೆ ಪ್ರತಿಯೊಬ್ಬನಿಗೂ ಫೋನ್ ಮಾಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ತೋರಿಸಿದವನು ಬಂದೇ ಬರುತ್ತಾನೆಂದು ನಂಬಲಾಗದು. ಎರಡು ಪ್ರಶ್ನೆ ಕೇಳಿ. ಬರುತ್ತೀಯಾ? ಹೇಗೆ ಬರುತ್ತೀಯಾ? ಎರಡನೆಯದೇ ಮುಖ್ಯ. ಬೆಳಗಿನ ಆರಕ್ಕೆ ಬಸ್ ಸಿಗದ ಬಡಾವಣೆಯ ಹುಡುಗನಿಗೆ ಮನಸ್ಸಿದ್ದರೂ ಬರಲಾಗುವುದಿಲ್ಲ. ಅವನ ದಾರಿಯಲ್ಲಿ ಬೈಕ್ ಇರುವವನು ಯಾರೆಂದು ನೋಡಿ ಇಬ್ಬರಿಗೂ ಆ ರಾತ್ರಿಯೇ ಹೇಳಿಬಿಡಿ.

ಹಣದ ವಿಷಯದಲ್ಲಿ ಸಂಕೋಚ ಬೇಡ. ನಾವು ತಿಂಗಳಿಗೆ ತಲಾ 200 ರೂಪಾಯಿ ಕೂಡಿಸುತ್ತೇವೆ, ವಿದ್ಯಾರ್ಥಿಗಳಿಗೆ ಅರ್ಧ. ಮುದ್ರಣಾಲಯದಲ್ಲಿ ಉಳಿದ ಕಾಗದವನ್ನು ಹೊಲಿದು ಮಾಡಿದ ಪುಸ್ತಕದಲ್ಲಿ ಲೆಕ್ಕ ಬರೆಯುತ್ತೇನೆ. ಅದು ಚೆಂಡಿನ ಚೀಲದಲ್ಲೇ ಇರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು.

ಚೆಂಡು ಐದನೆಯ ಅಳತೆಯದು. ನಿಯಮದ ಪ್ರಕಾರ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಗಾಳಿ ತುಂಬುವ ಮುನ್ನ ಸೂಜಿಯನ್ನು ಒದ್ದೆ ಮಾಡಿಕೊಳ್ಳಿ, ಒಣ ಸೂಜಿ ಚುಚ್ಚಿದರೆ ವಾಲ್ವ್ ಹರಿದುಹೋಗಬಹುದು. ಪಂದ್ಯಕ್ಕೆ ಮೊದಲು ಎಲ್ಲರೂ ಸಾಲಾಗಿ ನಿಂತು ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ, ಕಲ್ಲು, ಗಾಜಿನ ಚೂರು ಹೆಕ್ಕಿ. ಮೊಣಕಾಲಿನ ಕೆಳಗೆ ಪೆಟ್ಟಾಗದಂತೆ ಕಟ್ಟುವ ಶಿನ್‌ಗಾರ್ಡ್ ಇಲ್ಲದವನನ್ನು ಒಳಗೆ ಬಿಡಬೇಡಿ.

ಇನ್ನು ನಿಜವಾಗಿ ಹೇಳಬೇಕೆಂದಿರುವ ಮಾತು. ಮೂರನೆಯ ವರ್ಷ ನಾವು ಸತತವಾಗಿ ಆರು ಪಂದ್ಯ ಗೆದ್ದೆವು. ಗೆಲ್ಲುವ ತಂಡವನ್ನು ಏಕೆ ಬದಲಿಸಬೇಕೆಂದು ಅದೇ ಹನ್ನೊಂದು ಜನರನ್ನು ಪ್ರತಿ ವಾರ ಇಳಿಸಿದೆ. ತಂಡದ ಅಂಗಿಗಳನ್ನು ಒಗೆಯುವುದು ನಮ್ಮ ಮನೆಯಲ್ಲಿ. ಒಂದು ಭಾನುವಾರ ಮಧ್ಯಾಹ್ನ ಬಕೆಟ್‌ಗೆ ಹಾಕುವಾಗ ಗಮನಿಸಿದೆ. ಹನ್ನೊಂದು ಅಂಗಿಗಳ ಮೇಲೆ ಮೈದಾನದ ಕೆಂಪು ಮಣ್ಣು, ಬೆವರಿನ ಬಿಳಿ ಗೆರೆ. ಮೂರು ಅಂಗಿಗಳು ಹಿಂದಿನ ವಾರ ಮಡಿಸಿಟ್ಟ ಗೆರೆಯೂ ಮಾಸದೆ ವಾಪಸಾಗಿದ್ದವು. ಹದಿನಾಲ್ಕನೆಯ ಸಂಖ್ಯೆಯ ಹುಡುಗ ಕೆಂಗೇರಿಯ ಕಡೆಯಿಂದ ಐದು ಗಂಟೆಗೆ ಎದ್ದು ಬರುತ್ತಿದ್ದ. ಪಂದ್ಯ ನಡೆಯುವಷ್ಟು ಹೊತ್ತೂ ಗೆರೆಯ ಹೊರಗೆ ಕುಳಿತು ಶೂ ದಾರ ಬಿಚ್ಚುತ್ತಿದ್ದ, ಕಟ್ಟುತ್ತಿದ್ದ. ಕಂಡೂ ನಾನು ಸುಮ್ಮನಿದ್ದೆ.

ಮುಂದಿನ ತಿಂಗಳು ಅವನು ಬರಲಿಲ್ಲ, ಉಳಿದಿಬ್ಬರೂ ಬರಲಿಲ್ಲ. ಅಷ್ಟರಲ್ಲಿ ಹನ್ನೊಂದರಲ್ಲಿ ಇಬ್ಬರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಒಬ್ಬನ ಮಂಡಿ ಹೋಯಿತು, ಮತ್ತೊಬ್ಬ ಮನೆಯ ಮದುವೆಗೆಂದು ಊರಿಗೆ ಹೊರಟ. ಒಂದು ಭಾನುವಾರ ಎಣಿಸಿದಾಗ ಏಳೇ ಜನ. ಏಳಕ್ಕಿಂತ ಕಡಿಮೆಯಾದರೆ ಪಂದ್ಯವನ್ನೇ ಆರಂಭಿಸುವಂತಿಲ್ಲ. ಏಳು ಜನರೊಂದಿಗೇ ಆಡಿ ಒಂಬತ್ತು ಗೋಲು ಬಿಟ್ಟುಕೊಟ್ಟು ಬಂದೆವು. ಆ ಸಂಜೆ ಕೆಂಗೇರಿಯ ಹುಡುಗನ ಮನೆಗೆ ಹೋದೆ. ಅವನು ಒಂದೇ ಮಾತು ಕೇಳಿದ: "ಅಣ್ಣಾ, ಬಂದರೆ ಆಡಿಸುತ್ತೀರಾ?"

ಅಂದಿನಿಂದ ನಮ್ಮಲ್ಲಿ ಒಂದೇ ಕಟ್ಟಳೆ. ಹೊತ್ತಿಗೆ ಸರಿಯಾಗಿ ಬಂದವನು ಕನಿಷ್ಠ ಮೂವತ್ತು ನಿಮಿಷ ಆಡಬೇಕು. ಇದನ್ನು ಪಾಲಿಸುವ ವಿಧಾನ ಹೀಗಿದೆ. ಯಾರು ಎಷ್ಟನೆಯ ನಿಮಿಷಕ್ಕೆ ಹೊರಬರುತ್ತಾರೆ, ಯಾರು ಒಳಹೋಗುತ್ತಾರೆ ಎಂಬುದನ್ನು ಪಂದ್ಯಕ್ಕೆ ಮೊದಲೇ ಚೀಟಿಯಲ್ಲಿ ಬರೆದು ಎಲ್ಲರೆದುರು ಓದಿ. ಆಟದ ಕಾವಿನಲ್ಲಿ ಕರೆದರೆ ಯಾರಿಗಾದರೂ ಅವಮಾನವೆನಿಸುತ್ತದೆ. ಹೊಸಬನನ್ನು ಕೊನೆಯ ಹತ್ತು ನಿಮಿಷಕ್ಕೆ ಇಳಿಸಬೇಡಿ. ಆಗ ಅವನ ಕಾಲಿಗೆ ಚೆಂಡೂ ಸಿಗುವುದಿಲ್ಲ, ಸೋತರೆ ದೂರು ಮಾತ್ರ ಸಿಗುತ್ತದೆ. ಮೊದಲರ್ಧದಲ್ಲೇ ಇಳಿಸಿ, ಪಕ್ಕದಲ್ಲಿ ಅನುಭವಿಯೊಬ್ಬನಿರಲಿ. ಸ್ನೇಹಪಂದ್ಯವಾದರೆ ಹೊರಬಂದವನು ಮತ್ತೆ ಒಳಹೋಗಬಹುದೇ ಎಂದು ಎದುರು ತಂಡದ ನಾಯಕನೊಂದಿಗೂ ರೆಫರಿಯೊಂದಿಗೂ ಮೊದಲೇ ಮಾತಾಡಿಕೊಳ್ಳಿ. ಟೂರ್ನಿಗಳಲ್ಲಿ ಬದಲಿಗಳಿಗೆ ಮಿತಿಯಿರುತ್ತದೆ. ಅಲ್ಲಿ ಒಂದು ಪಂದ್ಯದಲ್ಲಿ ಕುಳಿತವನು ಮುಂದಿನ ಪಂದ್ಯದಲ್ಲಿ ಆರಂಭದಿಂದಲೇ ಆಡಲಿ.

ಚೆನ್ನಾಗಿ ಆಡುವವರು ಒಪ್ಪುವುದಿಲ್ಲ. "ಗೆಲ್ಲುವುದು ಬೇಡವೇ ಅಣ್ಣಾ?" ಎಂದು ನಮ್ಮ ಮುಂಚೂಣಿ ಆಟಗಾರ ಎಲ್ಲರೆದುರೇ ಕೇಳಿದ. ಬೇಕು, ಬಹಳ ಬೇಕು, ಆದರೆ ಮುಂದಿನ ವರ್ಷವೂ ಬೇಕು ಎಂದೆ. ಅವನು ಎರಡು ವಾರ ಮುನಿಸಿಕೊಂಡು ಮೂರನೆಯ ವಾರ ಬಂದ. ಕಟ್ಟಳೆ ತಂದ ಮೇಲೆ ನಾವು ಮೊದಲಿಗಿಂತ ಹೆಚ್ಚು ಸೋತದ್ದುಂಟು, ಏಳು ಜನರೊಂದಿಗೆ ಮಾತ್ರ ಮತ್ತೆ ಎಂದೂ ನಿಂತಿಲ್ಲ.

ಸೋತ ದಿನ ಮೈದಾನದಲ್ಲಿ ತಪ್ಪು ಹುಡುಕಬೇಡಿ. ಮೊದಲು ಎಲ್ಲರೂ ಇಡ್ಲಿ ತಿನ್ನಲಿ, ಆಟದ ಮಾತು ಬುಧವಾರಕ್ಕಿರಲಿ. ಒಮ್ಮೆ ಪೆನಾಲ್ಟಿ ಕಳೆದುಕೊಂಡ ಹುಡುಗನೊಬ್ಬ ತಿಂಡಿಗೂ ಬರದೆ ಗೋಲ್‌ಕಂಬಕ್ಕೆ ಒರಗಿ ಕುಳಿತಿದ್ದ. ಪಕ್ಕದಲ್ಲಿ ಕುಳಿತು 1948ರ ಲಂಡನ್ ಒಲಿಂಪಿಕ್ಸ್ ಕಥೆ ಹೇಳಿದೆ. ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು, ಎರಡು ಪೆನಾಲ್ಟಿ ಕಳೆದುಕೊಂಡರು, 1-2ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಹುಡುಗ ಏನೂ ಹೇಳದೆ ಎದ್ದು ಬಂದು ನಾಲ್ಕು ಇಡ್ಲಿ ತಿಂದ.

ಪೆಟ್ಟಿನ ವಿಷಯದಲ್ಲಿ ಧೈರ್ಯ ತೋರಿಸುವುದು ಬೇಡ. ಪಾದ ಉಳುಕಿದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು ಕಾಲನ್ನು ಎತ್ತರದಲ್ಲಿಡಿ, ಊರಲಾಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಲೆಗೆ ಜೋರಾಗಿ ಪೆಟ್ಟು ಬಿದ್ದವನು ಚೆನ್ನಾಗಿದ್ದೇನೆ ಎಂದರೂ ಆ ದಿನ ಮತ್ತೆ ಆಡಿಸಬೇಡಿ, ಒಬ್ಬನೇ ಬೈಕಿನಲ್ಲಿ ಮನೆಗೆ ಹೋಗಲೂ ಬಿಡಬೇಡಿ.

ಕೊನೆಗೆ ಅಂಗಿಗಳು. ಮಣ್ಣು ಒಣಗಿದ ಮೇಲೆ ಕೊಡವಿ, ಆಮೇಲೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬೆನ್ನಿನ ಮೇಲಿನ ಸಂಖ್ಯೆ ಕಿತ್ತುಬರದಂತೆ ಒಳಮಗ್ಗುಲು ತಿರುಗಿಸಿ ಒಗೆದು ನೆರಳಿನಲ್ಲಿ ಹರವಿ. ಈ ಕೆಲಸವನ್ನು ಬೇರೆಯವರಿಗೆ ವಹಿಸದೆ ತಂಡ ನಡೆಸುವವರೇ ಮಾಡಿ. ಬಕೆಟ್‌ಗೆ ಹಾಕುವಾಗ ಒಂದೊಂದನ್ನೂ ಬಿಡಿಸಿ ನೋಡಿ. ಮಣ್ಣಾಗದ ಅಂಗಿ ಕಂಡರೆ ಅದರ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಶನಿವಾರ ರಾತ್ರಿ ಮೊದಲ ಫೋನ್ ಅವನಿಗೇ ಮಾಡಿ.