ಒಂದೇ ಎಲುಬಿಗೆ ಎರಡು ಸ್ಲೈಡ್

ಹುಬ್ಬಳ್ಳಿಯ ಒಂದು ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಸ್ಲೈಡ್ ತಯಾರಿಸುವುದು ನನ್ನ ಕೆಲಸ. ಲಿವರ್, ಕಿಡ್ನಿ, ಚರ್ಮ ಎಲ್ಲದಕ್ಕೂ ದಾರಿ ಹೆಚ್ಚುಕಡಿಮೆ ಒಂದೇ. ಎಲುಬಿನದು ಮಾತ್ರ ಬೇರೆ. ಅದರ ತೂಕದಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಖನಿಜ, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹರಳು. ಅಂಗಾಂಶವನ್ನು ತೆಳ್ಳಗೆ ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿನ ಬ್ಲೇಡಿಗೆ ಅದು ಬಗ್ಗುವುದಿಲ್ಲ. ಹಾಗಾಗಿ ಎಲುಬನ್ನು ಹಾಗೇ ತಿಕ್ಕಿ ತೆಳ್ಳಗೆ ಮಾಡಬೇಕು, ಇಲ್ಲವೇ ಖನಿಜ ಕರಗಿಸಿ ಕತ್ತರಿಸಬೇಕು. ಒಂದರಲ್ಲಿ ಕಾಣುವುದು ಇನ್ನೊಂದರಲ್ಲಿ ಕಾಣುವುದಿಲ್ಲ. ವಿದ್ಯಾರ್ಥಿಗಳಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಲೇಬೇಕು ಅನ್ನುವುದು ನನ್ನ ಹಟ.

ತಿಕ್ಕುವ ಕೆಲಸ ನನಗೆ ಬಹಳ ಇಷ್ಟ. ಒಣಗಿದ ತೊಡೆ ಎಲುಬಿನ ನಡುಭಾಗದಿಂದ, ಸಣ್ಣ ಹಲ್ಲಿನ ಗರಗಸದಲ್ಲಿ ಅಡ್ಡಕ್ಕೆ ಒಂದು ಬಿಲ್ಲೆ ಕೊಯ್ಯುತ್ತೇನೆ. ಮೊದಲು ಒರಟು ಪಾಲಿಶ್ ಪೇಪರ್. ಆಮೇಲೆ ಗಾಜಿನ ಮೇಲೆ ಕಾರ್ಬೊರಂಡಮ್ ಪುಡಿ, ನೀರು. ಬೆರಳ ತುದಿಯಿಂದ ಸುತ್ತಿಸುತ್ತ ಎರಡೂ ಬದಿ ತಿಕ್ಕಬೇಕು. 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿಗೆ ಬಂದರೆ ಸಾಕು. ತೊಳೆದ ಮೇಲೆ ಪೂರ್ತಿ ಒಣಗಿಸಬೇಕು, ಇದರಲ್ಲಿ ಅವಸರ ಬೇಡ. ಜೀವಕೋಶಗಳು ಇದ್ದ ಗುಳಿಗಳಲ್ಲಿ, ಆ ಗುಳಿಗಳಿಂದ ಹೊರಟ ಸಣ್ಣ ಸಣ್ಣ ನಾಳಗಳಲ್ಲಿ ಗಾಳಿ ತುಂಬಿದ್ದರೆ ಮಾತ್ರ ಅವು ಕಪ್ಪಗೆ ಎದ್ದು ಕಾಣುತ್ತವೆ. ಸ್ಲೈಡಿನ ಮೇಲೆ ತೆಳು ಗಾಜು ಕೂರಿಸುವ ಅಂಟು ಡಿಪಿಎಕ್ಸ್ ನೀರಾಗಿದ್ದರೆ ಒಳಗೆ ಇಳಿದುಬಿಡುತ್ತದೆ, ನಾಳಗಳು ಮಾಯ. ಅದಕ್ಕೇ ಮಂದ ಇರುವುದನ್ನೇ ಹಾಕುತ್ತೇನೆ.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಡ್ಡ ಕೊಯ್ದ ಉಳ್ಳಾಗಡ್ಡಿ ಹಾಗೆ ಉಂಗುರದೊಳಗೆ ಉಂಗುರ. ನಡುವೆ ಒಂದು ತೂತು. ಅದೇ ಹ್ಯಾವರ್ಸಿಯನ್ ನಾಳ, ರಕ್ತನಾಳ ಮತ್ತು ನರ ಹಾದುಹೋಗುವ ದಾರಿ. ಕ್ಲಾಪ್ಟನ್ ಹ್ಯಾವರ್ಸ್ ಎಂಬ ಇಂಗ್ಲಿಷ್ ವೈದ್ಯ 1691ರಲ್ಲಿ ಇದನ್ನು ವಿವರಿಸಿದ. ತೂತು, ಉಂಗುರ ಸೇರಿದ ಇಡೀ ಗುಂಪಿಗೆ ಆಸ್ಟಿಯಾನ್ ಅನ್ನುತ್ತಾರೆ, ಅಗಲ ಸುಮಾರು 0.2 ಮಿಲಿಮೀಟರ್. ಹುಡುಗರು ಇಷ್ಟನ್ನು ಚಿತ್ರ ಬರೆದುಕೊಂಡು ಎದ್ದುಬಿಡುತ್ತಾರೆ. ನಾನು ಬಿಡುವುದಿಲ್ಲ. "ಆ ಉಂಗುರಗಳ ನಡುವೆ ಅರ್ಧಂಬರ್ಧ ತುಂಡು ಕಾಣ್ತಾವಲ್ರೀ, ಅವನ್ನ ನೋಡ್ರಿ" ಅನ್ನುತ್ತೇನೆ. ಅವು ಹಳೆಯ ಆಸ್ಟಿಯಾನ್‌ಗಳ ಉಳಿಕೆ. ಹಳೆಯದನ್ನು ಕೊರೆದು ಅಲ್ಲೇ ಹೊಸದು ಕಟ್ಟಿದೆ. ದೊಡ್ಡವರ ಮೈಯಲ್ಲೂ ಈ ಕೆಲಸ ನಿಲ್ಲುವುದಿಲ್ಲ. ವರ್ಷಕ್ಕೆ ಅಸ್ಥಿಪಂಜರದ ಸುಮಾರು ಶೇಕಡಾ 10ರಷ್ಟು ಹೊಸದಾಗುತ್ತದೆ.

ಆಡಿನ ಎಲುಬು ತಿಕ್ಕಿದೆವು, ಉಂಗುರವೇ ಕಾಣಲಿಲ್ಲ ಅಂತ ಕೆಲವು ಪಿಯು ಕಾಲೇಜಿನ ಮೇಷ್ಟ್ರುಗಳು ಕೇಳುತ್ತಾರೆ. ಎಳೆಯ ಆಡು, ಕುರಿಯ ಎಲುಬು ಬೇಗ ಬೇಗ ಬೆಳೆಯುತ್ತದೆ. ಅದರಲ್ಲಿ ಸಾಲು ಸಾಲು ಪದರಗಳೇ ಜಾಸ್ತಿ, ಉಂಗುರ ಕಡಿಮೆ. ಮಟನ್ ಅಂಗಡಿಯಲ್ಲಿ ವಯಸ್ಸಾದ ಪ್ರಾಣಿಯದು ಕೇಳಿ ತರಬೇಕು.

ಆದರೆ ತಿಕ್ಕಿದ ಸ್ಲೈಡಿನಲ್ಲಿ ಜೀವಕೋಶ ಇರುವುದಿಲ್ಲ, ಅದು ಇದ್ದ ಜಾಗ ಮಾತ್ರ. ಜೀವಕೋಶ ಬೇಕೆಂದರೆ ಹಸಿ ಎಲುಬಿನ ಸಣ್ಣ ತುಂಡನ್ನು ಮೊದಲು ಕೊಳೆಯದಂತೆ ಫಾರ್ಮಲಿನ್‌ನಲ್ಲಿ ಇಟ್ಟು, ಆಮೇಲೆ ಖನಿಜ ಕರಗಿಸಬೇಕು. ನೈಟ್ರಿಕ್ ಆಸಿಡ್ ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಆದರೆ ಹೆಚ್ಚು ಹೊತ್ತು ಬಿಟ್ಟರೆ ಕೋಶಕೇಂದ್ರ ನೀಲಿ ಬಣ್ಣ ಹಿಡಿಯುವುದಿಲ್ಲ. ಕ್ಯಾಲ್ಸಿಯಂ ಹಿಡಿದು ಮೆಲ್ಲಗೆ ಎಳೆದು ತೆಗೆಯುವ ರಾಸಾಯನಿಕ ಇಡಿಟಿಎ ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಬಣ್ಣ ಮಾತ್ರ ಚೆಂದ ಕೂರುತ್ತದೆ. ಸಮಯ ಇದ್ದರೆ ನಾನು ಇಡಿಟಿಎ ಬಿಟ್ಟು ಬೇರೆ ಮುಟ್ಟುವುದಿಲ್ಲ. ಖನಿಜ ಹೋಯಿತೋ ಇಲ್ಲವೋ ಅಂತ ಸೂಜಿ ಚುಚ್ಚಿ ನೋಡಬೇಡಿ, ಅಂಗಾಂಶ ಹರಿಯುತ್ತದೆ. ಆಸಿಡ್ ಬಳಸಿದ್ದರೆ, ಆ ಬಳಸಿದ ಆಸಿಡಿಗೆ ಅಮೋನಿಯಾ, ಆಮೇಲೆ ಅಮೋನಿಯಂ ಆಕ್ಸಲೇಟ್ ಹಾಕಿ. ಬೆಳ್ಳಗೆ ಕದಡಿದರೆ ಕ್ಯಾಲ್ಸಿಯಂ ಇನ್ನೂ ಬರುತ್ತಿದೆ ಅಂತ. ಕೊನೆಗೆ ಉಳಿಯುವುದು ಬಹುಪಾಲು ಕೊಲಾಜನ್ ಅನ್ನುವ ಪ್ರೋಟೀನ್ ನಾರು, ಕೈಯಲ್ಲಿ ಬಾಗುತ್ತದೆ.

ಈಗ 5 ಮೈಕ್ರಾನ್‌ಗೆ ಕತ್ತರಿಸಿ ಬಣ್ಣ ಹಾಕಬಹುದು. ಅಂಚಿನಲ್ಲಿ ಸಾಲಾಗಿ ನಿಂತವು ಎಲುಬು ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳು. ತಾವೇ ಕಟ್ಟಿದ್ದರೊಳಗೆ ಸಿಕ್ಕಿಕೊಂಡವು ಆಸ್ಟಿಯೋಸೈಟ್‌ಗಳು. ದೊಡ್ಡವರ ಎಲುಬಿನ ಜೀವಕೋಶಗಳಲ್ಲಿ ಶೇಕಡಾ 90ಕ್ಕೂ ಜಾಸ್ತಿ ಇವೇ. ಎಲುಬು ಕರಗಿಸುವ ಆಸ್ಟಿಯೋಕ್ಲಾಸ್ಟ್ ದೊಡ್ಡದು, ಒಂದರಲ್ಲೇ ಹಲವು ಕೋಶಕೇಂದ್ರ. ಅದನ್ನು ತೊಡೆ ಎಲುಬಿನ ನಡುವೆ ಹುಡುಕಿ ಸುಮ್ನೆ ಕಣ್ಣು ನೋಯಿಸಿಕೊಳ್ಳಬೇಡಿ. ಬೆಳೆಯುತ್ತಿರುವ ಎಲುಬಿನ ತುದಿಯಲ್ಲಿ ಸಿಗುತ್ತದೆ.

ಗದಗಿನ ಮುಂಡರಗಿ ಕಡೆಯಿಂದ ಬರುವ ವಿದ್ಯಾರ್ಥಿಗಳು ತಮ್ಮೂರ ಬೋರ್‌ವೆಲ್ ನೀರಿನ ಫ್ಲೋರೈಡ್ ಎಲುಬಿಗೆ ಏನು ಮಾಡುತ್ತದೆ ಅಂತ ಕೇಳುತ್ತಾರೆ. ಅದು ಖನಿಜದ ಹರಳಿನಲ್ಲಿ ಹೈಡ್ರಾಕ್ಸಿಲ್ ಅನ್ನುವ ಭಾಗದ ಜಾಗ ಹಿಡಿಯುತ್ತದೆ. ಎಲುಬು ದಟ್ಟವಾಗುತ್ತದೆ, ಆದರೆ ಸುಲಭಕ್ಕೆ ಮುರಿಯುವಂತಾಗುತ್ತದೆ. ಖನಿಜ ಕರಗಿಸಿದರೆ ಆ ಫ್ಲೋರೈಡೂ ಜೊತೆಗೇ ತೊಳೆದು ಹೋಗುತ್ತದೆ. ಅಂಥ ಎಲುಬಿನ ಖನಿಜ ನೋಡಲು ಕರಗಿಸದ ಸ್ಲೈಡೇ ಬೇಕು.