ಮೊನೋರೈಲ್ ತನ್ನ ಖರ್ಚು ತಾನೇ ನೋಡ್ಕೋಬೇಕು ಅಂದ್ರೆ ಕಂಬ ನೆಡೋಕ್ ಮುಂಚೆ ಹಾಕ್ಬೇಕಾದ ಲೆಕ್ಕ

ಎಲೆಕ್ಷನ್ ಹತ್ರ ಬಂದಾಗೆಲ್ಲ ಯಾವುದಾದ್ರೂ ಒಂದೂರಿಗೆ ಮೊನೋರೈಲ್ ಬರುತ್ತೆ, ಪೇಪರಲ್ಲಿ. ಮೊನೋರೈಲ್ ಅಂದ್ರೆ ಕಂಬಗಳ ಮೇಲಿನ ಒಂದೇ ತೊಲೆ ಮೇಲೆ ರಬ್ಬರ್ ಟೈರಲ್ಲಿ ಓಡೋ ಟ್ರೈನು. ಮೆಟ್ರೋಗಿಂತ ಅಗ್ಗ, ಕಂಬ ಸಣ್ಣದು, ರೋಡ್ ಜಾಸ್ತಿ ಅಗೆಯೋದು ಬೇಡ, ನೋಡೋಕೂ ಚೆಂದ, ಇದೆಲ್ಲಾ ನಿಜಾನೇ. ಆದ್ರೆ ಆನೆ ತರೋರ ಹತ್ರ ಯಾರೂ ಕೇಳದೇ ಇರೋ ಪ್ರಶ್ನೆ ಒಂದಿದೆ, ದಿನಾ ಮೇವು ಹಾಕೋರ್ ಯಾರು ಅಂತ. ಈ ಬರಹ ಅದರ ಬಗ್ಗೆ ಮಾತ್ರ. ಇಂಜಿನಿಯರಿಂಗ್ ಪಾಠ ಬೇಕಾದೋರು ಬೇರೆ ಕಡೆ ನೋಡ್ಕೊಳಿ.

ಮೊದ್ಲು ಒಂದು ಪೇಪರ್ ತಗೊಂಡು ಈ ಲೆಕ್ಕ ಬರೀರಿ. ಮುಂಬೈ ಮೊನೋರೈಲ್ ಸುಮಾರು 20 ಕಿಲೋಮೀಟರ್, ಖರ್ಚು ಸುಮಾರು 2,700 ಕೋಟಿ, ಅಂದ್ರೆ ಕಿಲೋಮೀಟರಿಗೆ 135 ಕೋಟಿ. ಅದು ಹಳೇ ರೇಟು, ಇವತ್ತು ಅಷ್ಟಕ್ಕೆ ಆಗಲ್ಲ, ಇರ್ಲಿ, ಅದನ್ನೇ ಇಟ್ಕೊಳೋಣ. ನಿಮ್ಮೂರಲ್ಲಿ 10 ಕಿಲೋಮೀಟರ್ ಕಟ್ಟಿದ್ರೆ 1,350 ಕೋಟಿ, ಶೇಕಡಾ 8ರ ಬಡ್ಡಿಗೆ ಸಾಲ ತಂದ್ರೆ ವರ್ಷಕ್ಕೆ ಬಡ್ಡಿನೇ 108 ಕೋಟಿ, ಅಸಲಿನ ಮಾತು ಆಮೇಲೆ. ಈಗ ಟಿಕೆಟ್ ಕಡೆ ಬನ್ನಿ. ದಿನಕ್ಕೆ 20,000 ಜನ, ತಲೆಗೆ ಸರಾಸರಿ 25 ರೂಪಾಯಿ, ದಿನಕ್ಕೆ 5 ಲಕ್ಷ, ವರ್ಷಕ್ಕೆ 18 ಕೋಟಿ ಚಿಲ್ರೆ. ದಿನಕ್ಕೆ ಒಂದು ಲಕ್ಷ ಜನ ಹತ್ತಿದ್ರೂ 91 ಕೋಟಿ. ಒಂದು ಲಕ್ಷ ಜನ ಹತ್ತಿ, ಕರೆಂಟು, ಸಂಬಳ, ಟೈರು ಎಲ್ಲಾ ಫ್ರೀ ಅಂದ್ಕೊಂಡ್ರೂ ಬಡ್ಡಿಗೇ ಸಾಲಲ್ಲ!

ಇದನ್ನ ನೋಡಿ ಹೆದರಿ ಪೇಪರ್ ಹರಿದು ಹಾಕ್ಬೇಡಿ. ಈ ಲೆಕ್ಕ ಹೇಳ್ತಿರೋದು ಏನಂದ್ರೆ ದುಡ್ಡನ್ನ ಎರಡು ಡಬ್ಬೀಲಿ ಇಡ್ಬೇಕು ಅಂತ. ದಿನಾ ಓಡ್ಸೋ ಖರ್ಚು ಒಂದು ಡಬ್ಬಿ, ಅದು ಟಿಕೆಟ್ ಮತ್ತೆ ಸ್ಟೇಷನ್ ಅಂಗಡಿ, ಜಾಹೀರಾತು ಇಂಥದ್ರಿಂದ ತುಂಬ್ಬೇಕು. ಕಂಬ, ತೊಲೆ, ಡಿಪೋ, ಸ್ಟೇಷನ್ ಕಟ್ಟೋ ಖರ್ಚು ಇನ್ನೊಂದು ಡಬ್ಬಿ, ಅದಕ್ಕೆ ಟಿಕೆಟ್ ದುಡ್ಡು ಮುಟ್ಟೋ ಆಸೇನೇ ಇಟ್ಕೋಬಾರ್ದು, ಅದು ಜಮೀನಿಂದ ಬರ್ಬೇಕು. ಎರಡನ್ನೂ ಕಲಸಿದ್ರೆ ಏನಾಗುತ್ತೆ ಅಂತ ಲಾಸ್ ವೇಗಾಸ್ ತೋರಿಸಿದೆ. 2004ರಲ್ಲಿ ಸುಮಾರು 65 ಕೋಟಿ ಡಾಲರ್ ಬಾಂಡ್ ಸಾಲದಲ್ಲಿ ಆರು ಕಿಲೋಮೀಟರ್ ಚಿಲ್ರೆ ಲೈನ್ ಹಾಕಿದ್ರು, ಸರ್ಕಾರದ ದುಡ್ಡು ಬೇಡ, ಟಿಕೆಟ್ಟಲ್ಲೇ ಎಲ್ಲಾ ತೀರ್ಸ್ತೀವಿ ಅಂತ. ಮಜಾ ಏನಂದ್ರೆ ದಿನಾ ಓಡ್ಸೋ ಖರ್ಚು ಟಿಕೆಟ್ಟಲ್ಲೇ ಹುಟ್ತಿತ್ತು, ಮುಳುಗಿಸಿದ್ದು ಸಾಲ. 2010ರಲ್ಲಿ ಒಂದ್ಸಲ ದಿವಾಳಿ, ಕೊರೋನಾ ಬಂದ 2020ರಲ್ಲಿ ಇನ್ನೊಂದ್ಸಲ, ಕೊನೆಗೆ ಅಲ್ಲಿನ ಪ್ರವಾಸೋದ್ಯಮದ ಸರ್ಕಾರಿ ಸಂಸ್ಥೆ ಎರಡೂವರೆ ಕೋಟಿ ಡಾಲರಿಗಿಂತ ಕಮ್ಮಿಗೆ ಇಡೀ ಲೈನ್ ತಗೊಂಡ್ತು.

ಅವರ ರೂಟೂ ಹಾಗೇ ಇತ್ತು ಅನ್ನಿ. ಏರ್‌ಪೋರ್ಟಿಗೆ ಹೋಗಲ್ಲ, ಮೇನ್ ರೋಡ್ ಬಿಟ್ಟು ಹೋಟೆಲ್‌ಗಳ ಹಿತ್ತಲಲ್ಲಿ ಹೋಗುತ್ತೆ, ಹತ್ಬೇಕು ಅಂದ್ರೆ ಕ್ಯಾಸಿನೋ ಒಳಗೆಲ್ಲಾ ನಡ್ಕೊಂಡು ಹಿಂದಕ್ಕೆ ಹೋಗ್ಬೇಕು.

ರೂಟ್ ಆರ್ಸೋದಕ್ಕೆ ನಾನು ಹೇಳೋ ಪರೀಕ್ಷೆ ಸಿಂಪಲ್ಲು, ಸ್ಟೇಷನ್ ಹೆಸರುಗಳನ್ನ ಜೋರಾಗಿ ಓದಿ. ಮುಂಬೈಲಿ 2014ರಲ್ಲಿ ಮೊದ್ಲು ಶುರುವಾದ ವಡಾಲಾ-ಚೆಂಬೂರ್ ಭಾಗ ಓದಿ ನೋಡಿ: ವಡಾಲಾ ಡಿಪೋ, ಭಕ್ತಿ ಪಾರ್ಕ್, ಮೈಸೂರ್ ಕಾಲೋನಿ (ಹೌದು, ನಮ್ಮ ಮೈಸೂರೇ), ಭಾರತ್ ಪೆಟ್ರೋಲಿಯಂ, ಫರ್ಟಿಲೈಸರ್ ಟೌನ್‌ಶಿಪ್. ಒಂದು ಡಿಪೋ, ಒಂದು ರಿಫೈನರಿ, ಒಂದು ಗೊಬ್ಬರದ ಫ್ಯಾಕ್ಟರಿ! ರಿಫೈನರಿ ಕಾಂಪೌಂಡ್ ಗೋಡೆ ಟಿಕೆಟ್ ತಗೊಳಲ್ಲ. ಲಕ್ಷಕ್ಕೂ ಮಿಕ್ಕಿ ಜನ ಬರ್ತಾರೆ ಅಂದ್ಕೊಂಡಿದ್ದ ಲೈನಲ್ಲಿ ದಿನಕ್ಕೆ ಹತ್ತಿದ್ದು ಹೆಚ್ಚೂಕಮ್ಮಿ 15-20 ಸಾವಿರ. ನಿಮ್ಮ ಲಿಸ್ಟಲ್ಲಿ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ದೊಡ್ಡಾಸ್ಪತ್ರೆ, ಕಾಲೇಜು, ಮಾರ್ಕೆಟ್ ಇರ್ಬೇಕು, ಮತ್ತೆ ರೈಲ್ವೆ ಸ್ಟೇಷನ್ ಅಂದ್ರೆ ಅದರ ಪ್ಲಾಟ್‌ಫಾರ್ಮಿಗೆ ಇಳಿಯೋ ಸೇತುವೆ ಇರ್ಬೇಕು, ಆಟೋ ಹಿಡ್ಕೊಂಡು ಹೋಗೋ ದೂರ ಅಲ್ಲ. ಟೋಕಿಯೋದಲ್ಲಿ 1964ರ ಒಲಿಂಪಿಕ್ಸಿಗೆ ಮುಂಚೆ ತೆರೆದ ಮೊನೋರೈಲ್ ಸಿಟಿ ರೈಲ್ವೆ ಸ್ಟೇಷನ್ನಿಂದ ಹನೇಡಾ ಏರ್‌ಪೋರ್ಟಿಗೆ ಹೋಗುತ್ತೆ, ಶುರುವಲ್ಲಿ ಮಧ್ಯೆ ಒಂದು ಸ್ಟೇಷನ್ನೂ ಇರ್ಲಿಲ್ಲ, ಅವರಿಗೂ ಕಷ್ಟಾನೇ ಆಯ್ತು, ಆಮೇಲೆ ಮಧ್ಯೆ ಸ್ಟೇಷನ್ ಸೇರಿಸ್ತಾ ಹೋದ್ರು, ಏರ್‌ಪೋರ್ಟೂ ಬೆಳೀತು, ಇವತ್ತಿಗೂ ಓಡ್ತಿದೆ.

ಈಗ ರೇಕ್ ಲೆಕ್ಕ, ರೇಕ್ ಅಂದ್ರೆ ಬೋಗಿಗಳೆಲ್ಲಾ ಸೇರಿದ ಒಂದು ಪೂರ್ತಿ ಟ್ರೈನು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಜಾಸ್ತಿ ಜನ ಎಡವೋದು ಇಲ್ಲೇ. 10 ಕಿಲೋಮೀಟರ್ ಲೈನು, ಸ್ಟೇಷನ್ ನಿಲುಗಡೆ ಎಲ್ಲಾ ಸೇರಿ ಗಂಟೆಗೆ 30 ಕಿಲೋಮೀಟರ್ ಸ್ಪೀಡು ಅಂದ್ರೆ ಈ ತುದಿಯಿಂದ ಆ ತುದಿಗೆ 20 ನಿಮಿಷ, ಎರಡೂ ತುದೀಲಿ ತಿರುಗ್ಸೋಕೆ ನಾಲ್ಕ್ ನಾಲ್ಕ್ ನಿಮಿಷ, ಒಂದು ಸುತ್ತಿಗೆ 48 ನಿಮಿಷ. ನಾಲ್ಕು ನಿಮಿಷಕ್ಕೊಂದು ಟ್ರೈನ್ ಬೇಕು ಅಂದ್ರೆ 48 ಭಾಗಿಸು 4, 12 ರೇಕ್. ರಿಪೇರೀಲಿ ಒಂದು, ಸ್ಟ್ಯಾಂಡ್‌ಬೈ ಒಂದು, ಒಟ್ಟು 14. ನಾಲ್ಕು ಬೋಗಿ ರೇಕಲ್ಲಿ 560 ಜನ ಹಿಡೀತಾರೆ ಅಂದ್ಕೊಂಡ್ರೆ ಗಂಟೆಗೆ ಒಂದು ದಿಕ್ಕಿಗೆ 8,400 ಜನ ಸಾಗಿಸ್ಬಹುದು. ದುಡ್ಡು ಸಾಲ್ದು ಅಂತ ಮೂರೇ ರೇಕ್ ಓಡ್ಸಿದ್ರೆ 16 ನಿಮಿಷಕ್ಕೊಂದು, ಗಂಟೆಗೆ 2,100 ಜನ. ಕಂಬದ ಸಾಲ ಮಾತ್ರ ಅಷ್ಟೇ ಇರುತ್ತೆ, ಒಂದು ಪೈಸೆ ಕಮ್ಮಿ ಆಗಲ್ಲ! 16 ನಿಮಿಷ ಕಾಯೋ ಬದ್ಲು ಜನ ಸ್ಕೂಟಿ ಸ್ಟಾರ್ಟ್ ಮಾಡ್ತಾರೆ, ಜನ ಬರ್ತಿಲ್ಲ ಅಂತ ಆಫೀಸಲ್ಲಿ ರೇಕ್ ಇನ್ನೂ ಕಮ್ಮಿ ಮಾಡ್ತಾರೆ, ಹಿಂಗೇ ಸುತ್ತುತ್ತಾ ಇಳಿಯುತ್ತೆ. ಬೆಂಗಳೂರೋರಿಗೆ ಇದನ್ನ ವಿವರಿಸೋದೇ ಬೇಡ, ಆರ್‌.ವಿ. ರೋಡ್-ಬೊಮ್ಮಸಂದ್ರ ಮೆಟ್ರೋ ಹಳದಿ ಲೈನಲ್ಲಿ ಹಳಿ, ಸ್ಟೇಷನ್ ರೆಡಿ ಇದ್ರೂ ಟ್ರೈನ್ ಬರೋದನ್ನ ಕಾದು ಕಾದು 2025ರ ಆಗಸ್ಟಲ್ಲಿ ಮೂರೇ ಟ್ರೈನಲ್ಲಿ 25 ನಿಮಿಷಕ್ಕೊಂದು ಅಂತ ಶುರು ಮಾಡ್ಬೇಕಾಯ್ತು. ಹಾಗಾಗಿ ಟೆಂಡರಲ್ಲಿ ರೇಕಿನ ಆರ್ಡರ್ ಮೊದ್ಲು, ಕಂಬದ್ದು ಆಮೇಲೆ.

ಯಾರ ಹತ್ರ ತಗೋತೀರಿ ಅನ್ನೋದು ಅದಕ್ಕಿಂತ ದೊಡ್ಡ ವಿಷ್ಯ. ಬಸ್ ಕೆಟ್ರೆ ಬೆಂಗಳೂರಿನ ಜೆ.ಸಿ. ರೋಡಲ್ಲಿ ಪಾರ್ಟ್ಸ್ ಸಿಗುತ್ತೆ, ಮೊನೋರೈಲಿಗೆ ಸಿಗಲ್ಲ. ಒಂದು ಕಂಪನಿ ತೊಲೆ ಮೇಲೆ ಇನ್ನೊಂದು ಕಂಪನಿ ರೇಕ್ ಸುಮ್ನೆ ಕೂರಲ್ಲ, ತೊಲೆ ಅಳತೆನೇ ಬೇರೆ ಬೇರೆ. ಮುಂಬೈಗೆ ರೇಕ್ ಕೊಟ್ಟಿದ್ದು ಮಲೇಷ್ಯಾದ ಸ್ಕೋಮಿ, ಆ ಕಂಪನಿನೇ ದುಡ್ಡಿನ ತೊಂದರೆಗೆ ಸಿಕ್ತು, ಬರ್ಬೇಕಿದ್ದ ರೇಕ್ ಎಲ್ಲಾ ಬರ್ಲಿಲ್ಲ, ಇದ್ದ ರೇಕಲ್ಲೇ ಒಂದರ ಪಾರ್ಟ್ ಬಿಚ್ಚಿ ಇನ್ನೊಂದಕ್ಕೆ ಹಾಕೋ ಪರಿಸ್ಥಿತಿ ಬಂತು, 2018ರ ಡಿಸೆಂಬರಲ್ಲಿ ಕಾಂಟ್ರ್ಯಾಕ್ಟ್ ರದ್ದು ಮಾಡಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ ತಾನೇ ನಡ್ಸೋಕೆ ತಗೊಂಡ್ತು. ಆಮೇಲೆ ಹೈದರಾಬಾದಿನ ಮೇಧಾ ಕಂಪನಿಗೆ 10 ಹೊಸ ರೇಕ್ ಆರ್ಡರ್ ಕೊಟ್ರು. ಅಂದ್ರೆ ನಮ್ಮ ದೇಶದಲ್ಲೇ ಮಾಡೋಕೆ ಬರುತ್ತೆ, ಇದನ್ನ ಮೊದ್ಲೇ ಮಾಡ್ಬಹುದಿತ್ತು. ಚೀನಾದ ಚೋಂಗ್‌ಚಿಂಗಿನೋರು ಮಾಡಿದ್ದು ಅದನ್ನೇ, ಜಪಾನಿನ ಹಿಟಾಚಿ ಟೆಕ್ನಾಲಜಿ ತಗೊಂಡು ರೇಕನ್ನ ತಮ್ಮ ದೇಶದಲ್ಲೇ ಕಟ್ಟೋಕೆ ಕಲ್ತ್ಕೊಂಡ್ರು, ಈಗ ಅಲ್ಲಿನ 3ನೇ ಲೈನೊಂದೇ 60 ಕಿಲೋಮೀಟರ್ ಮೇಲಿದೆ. ನಿಮ್ಮ ಕಾಂಟ್ರ್ಯಾಕ್ಟಲ್ಲಿ ಡ್ರಾಯಿಂಗ್, ಸಾಫ್ಟ್‌ವೇರ್, ಪಾರ್ಟ್ಸ್ ಅಚ್ಚು ಇವೆಲ್ಲಾ ಕಂಪನಿ ಮುಚ್ಚಿದ್ರೆ ನಿಮ್ಮ ಕೈಗೆ ಬರ್ಬೇಕು ಅಂತ ಒಂದು ಸಾಲು ಬರ್ಸಿ. ರಬ್ಬರ್ ಟೈರ್ ಸವೆಯುತ್ತೆ, ಅದಕ್ಕೂ ಪ್ರತಿ ತಿಂಗಳು ಟಿಕೆಟ್ ದುಡ್ಡಲ್ಲಿ ಒಂದು ಭಾಗ ಮುಟ್ಟದ ಹಾಗೆ ಎತ್ತಿಡಿ.

ಎರಡನೇ ಡಬ್ಬಿ, ಅಂದ್ರೆ ಜಮೀನು. ಮೊನೋರೈಲ್ ಬಂದ್ರೆ ನಿಜವಾಗ್ಲೂ ಲಾಭ ಆಗೋದು ಸ್ಟೇಷನ್ ಪಕ್ಕ ಸೈಟ್ ಇಟ್ಕೊಂಡೋರಿಗೆ, ಅವರು ಟಿಕೆಟ್ಟೇ ತಗೊಳ್ದೆ ದುಡ್ಡು ಮಾಡ್ಕೋತಾರೆ. ಹಾಂಗ್‌ಕಾಂಗಲ್ಲಿ ರೈಲ್ವೆ ಕಂಪನಿಗೇ ಸ್ಟೇಷನ್ ಮೇಲೆ ಪಕ್ಕ ಕಟ್ಟೋ ಹಕ್ಕು ಕೊಡ್ತಾರೆ, ಅದೂ ರೈಲ್ ಇಲ್ದೇ ಇದ್ದಾಗಿನ ರೇಟಲ್ಲಿ, ಬಿಲ್ಡರ್ ಜೊತೆ ಸೇರಿ ಕಟ್ಟಿ ಲಾಭದಲ್ಲಿ ಪಾಲು. ನಮ್ಮಲ್ಲಿ ಮಾಡ್ಬೇಕು ಅಂದ್ರೆ ರೂಟ್ ಅನೌನ್ಸ್ ಮಾಡೋಕ್ ಮುಂಚೆ ಎಪಿಎಂಸಿ ಯಾರ್ಡ್, ಹಳೇ ಬಸ್ ಡಿಪೋ, ಮುಚ್ಚಿದ ಮಿಲ್ಲು ಇಂಥಾ ಸರ್ಕಾರಿ ಜಾಗ ಎಲ್ಲೆಲ್ಲಿದೆ ಅಂತ ಗುರ್ತು ಹಾಕಿ ರೈಲ್ ಕಂಪನಿ ಹೆಸರಿಗೆ ಬರ್ಸಿ. ಅನೌನ್ಸ್ ಆದ್ಮೇಲೆ ಹೋದ್ರೆ ಸುತ್ತಲಿನ ಸೈಟೆಲ್ಲಾ ಆಗ್ಲೇ ಯಾರ್ಯಾರೋ ಭಾವಮೈದುನರ ಹೆಸರಲ್ಲಿ ಇರುತ್ತೆ, ನಿಮಗೇ ಗೊತ್ತಲ್ಲ. ಸ್ಟೇಷನ್ ಸುತ್ತ ಜಾಸ್ತಿ ಮಹಡಿ ಕಟ್ಟೋಕೆ ಪರ್ಮಿಷನ್ ಕೊಟ್ಟು ಅದಕ್ಕೆ ಫೀಸ್ ತಗೊಳ್ಳಿ, ಆದ್ರೆ ಆ ಫೀಸ್ ನೇರ ಈ ಡಬ್ಬಿಗೇ ಬೀಳೋ ಹಾಗೆ ಕಾನೂನು ಮಾಡಿ. ಕಂಪನಿಗಳೂ ಕೊಡ್ತವೆ, ಬೆಂಗಳೂರಿನ ಕೋನಪ್ಪನ ಅಗ್ರಹಾರ ಮೆಟ್ರೋ ಸ್ಟೇಷನ್ನಿಗೆ ಇನ್ಫೋಸಿಸ್ ಫೌಂಡೇಷನ್ 100 ಕೋಟಿ ಕೊಡೋ ಒಪ್ಪಂದ 2018ರಲ್ಲೇ ಆಗಿತ್ತು. ಆದ್ರೆ ಎಲ್ಲಾ ಊರಲ್ಲೂ ಇನ್ಫೋಸಿಸ್ ಇರಲ್ಲ.

ಟಿಕೆಟ್ ರೇಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಪ್ರತಿ ವರ್ಷ ಎರಡು ಮೂರು ರೂಪಾಯಿ ಏರ್ಸೋ ಫಾರ್ಮುಲಾ ಮೊದ್ಲ ದಿನಾನೇ ಬರೆದಿಡಿ. ಏಳೆಂಟು ವರ್ಷ ಸುಮ್ನಿದ್ದು ಒಂದೇ ಸಲ ಏರ್ಸಿದ್ರೆ ಏನ್ ಗಲಾಟೆ ಆಗುತ್ತೆ ಅಂತ 2025ರ ಫೆಬ್ರವರೀಲಿ ನಮ್ಮ ಮೆಟ್ರೋದಲ್ಲೇ ನೋಡಿದ್ವಲ್ಲ.

ಒಂದು ಖರ್ಚು ಮಾತ್ರ ಉಳ್ಸೋಕೆ ಹೋಗ್ಬೇಡಿ. 2025ರ ಆಗಸ್ಟ್ 19ರ ಮಳೇಲಿ ಮುಂಬೈನ ಲೋಕಲ್ ಟ್ರೈನ್ ನಿಂತೋಗಿ ಜನ ಎಲ್ಲಾ ಮೊನೋರೈಲಿಗೆ ನುಗ್ಗಿದ್ರು, 104 ಟನ್ ಮಿತಿ ಇದ್ದ ರೇಕಲ್ಲಿ 109 ಟನ್ ಆಗಿ, ಕರೆಂಟ್ ಸಂಪರ್ಕ ತಪ್ಪಿ, ಮೈಸೂರ್ ಕಾಲೋನಿ ಹತ್ರ ಮೇಲೇ ನಿಂತ್ಬಿಡ್ತು. ಎಸಿ ಇಲ್ದೆ ಒಳಗಿದ್ದ ನೂರಾರು ಜನಾನ ಫೈರ್ ಬ್ರಿಗೇಡಿನೋರು ಏಣಿ ಹಾಕಿ ಗಾಜು ಒಡೆದು ಇಳಿಸ್ಬೇಕಾಯ್ತು. ತೊಲೆ ಪಕ್ಕ ನಡ್ಕೊಂಡು ಹೋಗೋ ಕಟ್ಟೆ ಇದ್ದಿದ್ರೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ. ಮುಂದಿನ ತಿಂಗಳೇ ರಿಪೇರಿ, ಅಪ್‌ಗ್ರೇಡ್ ಅಂತ ಇಡೀ ಸರ್ವೀಸ್ ನಿಲ್ಸಿದ್ರು, ನಿಂತ ದಿನಗಳಲ್ಲಿ ಟಿಕೆಟ್ ದುಡ್ಡು ಸೊನ್ನೆ. ಆ ಕಟ್ಟೆ ಖರ್ಚನ್ನೂ, ಬಾಗಿಲಲ್ಲಿ ತೂಕ ನೋಡೋ ಸೆನ್ಸರ್ ಖರ್ಚನ್ನೂ 1,350 ಕೋಟಿ ಒಳಗೇ ಸೇರಿಸಿ.

ಇಷ್ಟೆಲ್ಲಾ ಲೆಕ್ಕ ಹಾಕೋಕ್ ಮುಂಚೆ ಮಾಡ್ಬೇಕಾಗಿದ್ದ ಕೆಲ್ಸ ಒಂದನ್ನ ಬೇಕಂತ್ಲೇ ಕೊನೆಗಿಟ್ಟೆ, ಮೊದ್ಲೇ ಹೇಳಿದ್ರೆ ಯಾರೂ ಮುಂದೆ ಓದ್ತಿರ್ಲಿಲ್ಲ. ಅದೇ ರೂಟಲ್ಲಿ ಒಂದು ವರ್ಷ ಬಸ್ ಓಡ್ಸಿ, ಐದು ನಿಮಿಷಕ್ಕೊಂದರಿಂದ ಶುರು ಮಾಡಿ ಜನ ಹೆಚ್ಚಿದ ಹಾಗೆ ಬಸ್ಸೂ ಹೆಚ್ಚಿಸ್ತಾ, ಸಾಧ್ಯ ಆದ್ರೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ತರ ಅದಕ್ಕೇ ಬೇರೆ ದಾರಿ ಬಿಟ್ಟು. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಒಂದು ದಿಕ್ಕಿಗೆ ಎಷ್ಟು ಜನ ಹತ್ತಿದ್ರು ಅಂತ ಕಂಡಕ್ಟರ್ ಮೆಷಿನ್ನಲ್ಲೇ ಸಿಗುತ್ತೆ, ಯಾವ ಕನ್ಸಲ್ಟೆಂಟೂ ಬೇಡ. ಐದಾರು ಸಾವಿರ ದಾಟಿ ಬಸ್ಸಿನ ಬಾಗಿಲಲ್ಲಿ ಜನ ನೇತಾಡ್ತಿದ್ರೆ, ಮಂಗಳೂರಿನ ತರ ಏರು ತಗ್ಗು, ಇಕ್ಕಟ್ಟು ತಿರುವು ಇರೋ ಊರಾಗಿದ್ರೆ, ಮೊನೋರೈಲ್ ಫೈಲ್ ತೆಗೀರಿ. ಎರಡು ಸಾವಿರ ಅಂತ ಬಂದ್ರೆ ಇನ್ನೊಂದಿಪ್ಪತ್ತು ಬಸ್ ತಗೊಳ್ಳಿ.